ಇಳಿಯದೆ ವಾಪಸ್ ಬರೋದನ್ನು ಕಲಿತ ಆರು ದಿನ

ನಾನು ಹೆಲಿಕಾಪ್ಟರ್ ಪೈಲಟ್. ಹಾರಾಟದ ಲೆಕ್ಕ ಬರೆದಿಡುವ ನನ್ನ ಲಾಗ್‌ಬುಕ್‌ನ ಹಳೆಯ ಪುಟವೊಂದರಲ್ಲಿ ‘ಮೌಂಟನ್ ಫ್ಲೈಯಿಂಗ್ ತರಬೇತಿ ಪೂರ್ಣ’, ಅಂದರೆ ಬೆಟ್ಟದಲ್ಲಿ ಹಾರುವ ತರಬೇತಿ ಮುಗಿಯಿತು, ಅಂತ ಬರೆದು ಸಹಿ ಹಾಕಿದ್ದಾರೆ. ಆ ತರಬೇತಿ ನಡೆದದ್ದು ಎರಡೇ ದಿನ. ಎರಡೂ ದಿನ ಆಕಾಶ ತಿಳಿಯಾಗಿತ್ತು, ಗಾಳಿ ಇರಲಿಲ್ಲ. ಒಂದೇ ಬೆಟ್ಟ, ಒಂದೇ ಸಮತಟ್ಟಾದ ಜಾಗ. ಒಂದೇ ದಿಕ್ಕಿನಿಂದ ಹೋಗಿ ಹತ್ತಾರು ಸಲ ಇಳಿದೆ, ಎದ್ದೆ. ಪಕ್ಕದಲ್ಲಿದ್ದ ಇನ್‌ಸ್ಟ್ರಕ್ಟರ್ ‘ಚೆನ್ನಾಗಿದೆ, ಇನ್ನೊಂದು’ ಅನ್ನುತ್ತಿದ್ದರು. ಸಹಿ ಸಿಕ್ಕಿತು.

ಕೆಲವು ತಿಂಗಳಾದ ಮೇಲೆ ಕೆಲಸದ ನಿಮಿತ್ತ ಒಂದು ಬೆಟ್ಟದ ಸಾಲನ್ನು ದಾಟಿ ಆಚೆ ಹೋದೆ. ದಾಟಿದ ಕೂಡಲೇ ಹೆಲಿಕಾಪ್ಟರ್ ಕುಸಿಯತೊಡಗಿತು. ಮೇಲೇರಿಸುವ ಎಡಗೈಯ ಕೋಲು, ಅಂದರೆ ಕಲೆಕ್ಟಿವ್ ಎಳೆದೆ. ಎಷ್ಟು ಶಕ್ತಿ ಖರ್ಚಾಗುತ್ತಿದೆ ಅಂತ ತೋರಿಸುವ ಟಾರ್ಕ್ ಮುಳ್ಳು ಕೆಂಪು ಗೆರೆಗೆ ಬಂತು, ಆದರೂ ಕುಸಿಯುವುದು ನಿಲ್ಲಲಿಲ್ಲ. ಕೆಳಗೆ ಕಣಿವೆ ಆಳವಾಗಿತ್ತು. ಆ ಆಳದೊಳಗೇ ಮೂಗು ಇಳಿಸಿ, ವೇಗ ಗಳಿಸಿ, ತಿರುಗಿ ಹೊರಗೆ ಬಂದೆ. ಕಣಿವೆ ಅಷ್ಟು ಆಳ ಇಲ್ಲದಿದ್ದರೆ ಇವತ್ತು ಇದನ್ನು ಬರೆಯುತ್ತಿರಲಿಲ್ಲ. ನನ್ನ ಸಹಿ ಆ ದಿನ ಯಾವ ಕೆಲಸಕ್ಕೂ ಬರಲಿಲ್ಲ.

ಹಾಗಾಗಿ ಎರಡನೇ ಸಲ ಶಾಲೆ ಹುಡುಕುವಾಗ ಮೊದಲೇ ನಾಲ್ಕು ಪ್ರಶ್ನೆ ಕೇಳಿದೆ. ಎಷ್ಟು ಬೇರೆ ಬೇರೆ ಜಾಗಗಳಲ್ಲಿ ಇಳಿಸುತ್ತೀರಿ? ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಷ್ಟು ಜನ? ಗಾಳಿ ಜಾಸ್ತಿ ಇದ್ದರೆ ಏನು ಮಾಡುತ್ತೀರಿ? ಕಲಿಸುವವರು ಬೆಟ್ಟದಲ್ಲಿ ಏನು ಕೆಲಸ ಮಾಡಿದವರು? ನಾಲ್ಕಕ್ಕೂ ನೇರ ಉತ್ತರ ಬಂದ ಕಡೆ ಹೆಸರು ಕೊಟ್ಟೆ. ‘ಆರು ದಿನ ಅಂತ ಇಟ್ಟುಕೊಳ್ಳಿ. ಸಾಲದಿದ್ದರೆ ಏಳನೆಯ ದಿನವೂ ಇರಬೇಕಾಗುತ್ತೆ’ ಅಂದರು. ಆ ಮಾತೇ ನನಗೆ ಇಷ್ಟವಾದದ್ದು.

ಮೊದಲ ದಿನ

ಇನ್‌ಸ್ಟ್ರಕ್ಟರ್ ಮೇಡಂಗೆ ಐವತ್ತು ದಾಟಿತ್ತು. ಹೆಚ್ಚಿನ ವರ್ಷಗಳನ್ನು ಪರ್ವತ ರಕ್ಷಣಾ ಕೆಲಸದಲ್ಲೇ ಕಳೆದವರು. ಕಲಿಯಲು ನಾವಿಬ್ಬರು: ನಾನು, ಮತ್ತು ಇನ್ನೂ ಹೆಚ್ಚು ಗಂಟೆ ಹಾರಿಸಿರದ ಒಬ್ಬ ಹುಡುಗ. ಒಬ್ಬರು ಹಾರಿಸುವಾಗ ಇನ್ನೊಬ್ಬರು ಹಿಂದೆ ಕೂತು ನೋಡಬೇಕು, ಬರೆದುಕೊಳ್ಳಬೇಕು.

ಅವರು ಮೊದಲು ನಮ್ಮನ್ನು ನಿಲ್ಲಿಸಿದ್ದು ತೂಕದ ಯಂತ್ರದ ಮೇಲೆ. ಜಾಕೆಟ್, ಬೂಟು, ಬ್ಯಾಗು, ತುರ್ತು ಸಾಮಾನಿನ ಗಂಟು, ಎಲ್ಲ ಸೇರಿಸಿ. ನಾನು ಬಾಯಲ್ಲಿ ಹೇಳಿದ ತೂಕಕ್ಕೂ ಯಂತ್ರ ತೋರಿಸಿದ ತೂಕಕ್ಕೂ ಒಂಬತ್ತು ಕಿಲೋ ವ್ಯತ್ಯಾಸ ಬಂತು. ‘ಈ ಒಂಬತ್ತು ಕಿಲೋ ಕೆಳಗೆ ಲೆಕ್ಕಕ್ಕಿಲ್ಲ. ಮೇಲೆ ಇದೆ’ ಅಂದರು ಮೇಡಂ. ಹಿಂದಿನ ತರಬೇತಿಯಲ್ಲಿ ನನ್ನ ತೂಕವನ್ನು ಯಾರೂ ಕೇಳಿಯೇ ಇರಲಿಲ್ಲ.

ಆಮೇಲೆ ಮಧ್ಯಾಹ್ನದವರೆಗೂ ಬರೀ ಕಾಗದ, ಪೆನ್ಸಿಲ್. 10,000 ಅಡಿಯಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಕಮ್ಮಿ. ಇದು ಎಲ್ಲ ಪೈಲಟ್‌ಗಳಿಗೂ ಗೊತ್ತಿರುವ ಸಂಗತಿಯೇ. ಆದರೆ ಆ ತೆಳು ಗಾಳಿ ಮೂರು ಕಡೆ ಒಟ್ಟಿಗೆ ಹೊಡೆಯುತ್ತೆ ಅನ್ನೋದನ್ನು ಅವರು ಚಿತ್ರ ಬರೆದು ತೋರಿಸಿದರು. ಎಂಜಿನ್ ಉಸಿರಾಡೋದು ಅದನ್ನೇ, ರೋಟರ್ ಕೆಳಕ್ಕೆ ತಳ್ಳೋದು ಅದನ್ನೇ, ಬಾಲದಲ್ಲಿರುವ ಟೇಲ್ ರೋಟರ್ ಪಕ್ಕಕ್ಕೆ ತಳ್ಳೋದೂ ಅದನ್ನೇ. ಬೇಕಾಗುವ ಶಕ್ತಿ ಏರುತ್ತೆ, ಸಿಗುವ ಶಕ್ತಿ ಇಳಿಯುತ್ತೆ. ಎರಡು ಗೆರೆ ಎಲ್ಲಿ ಕೂಡುತ್ತವೆ ಅಂತ ನಾವೇ ಹುಡುಕಬೇಕಿತ್ತು.

ಅವರು ಕೊಟ್ಟ ಲೆಕ್ಕ ಇದು. 9,600 ಅಡಿಯ ಒಂದು ಜಾಗ. ಬೆಳಿಗ್ಗೆ 4 ಡಿಗ್ರಿ, ಮಧ್ಯಾಹ್ನ 17 ಡಿಗ್ರಿ. ಲೆಕ್ಕಕ್ಕೆ ಹಿಡಿಯುವ ಸ್ಟ್ಯಾಂಡರ್ಡ್ ವಾತಾವರಣದಲ್ಲಿ ಸಮುದ್ರಮಟ್ಟದ 15 ಡಿಗ್ರಿಯಿಂದ ಪ್ರತಿ ಸಾವಿರ ಅಡಿಗೆ ಸುಮಾರು 2 ಡಿಗ್ರಿ ಇಳಿಯುತ್ತೆ, ಅಂದರೆ ಅಲ್ಲಿ ಮೈನಸ್ 4 ಇರಬೇಕು. ಅದಕ್ಕಿಂತ ಏರಿದ ಪ್ರತಿ ಡಿಗ್ರಿಗೂ ಡೆನ್ಸಿಟಿ ಆಲ್ಟಿಟ್ಯೂಡ್, ಅಂದರೆ ಗಾಳಿ ಎಷ್ಟು ತೆಳು ಅನ್ನೋದಕ್ಕೆ ತಕ್ಕ ಲೆಕ್ಕದ ಎತ್ತರ, ಸುಮಾರು 120 ಅಡಿ ಹೆಚ್ಚುತ್ತೆ. ಬೆಳಿಗ್ಗೆ ಸುಮಾರು 10,560 ಅಡಿ ಬಂತು. ಮಧ್ಯಾಹ್ನ 12,120. ಬೆಟ್ಟ ಅಲ್ಲೇ ಇದೆ, ನಾವೂ ಅವರೇ, ಆದರೆ ಹೆಲಿಕಾಪ್ಟರ್ ಪಾಲಿಗೆ ಬೆಟ್ಟ ಸಾವಿರದ ಐನೂರು ಅಡಿಗಿಂತ ಜಾಸ್ತಿ ಬೆಳೆದಿದೆ. ಈ ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಿ ಅಂದರು. ಅದೇ ಜಾಗಕ್ಕೆ ನಮ್ಮನ್ನು ಕರೆದುಕೊಂಡು ಹೋಗೋದು ಅವರ ಮನಸ್ಸಿನಲ್ಲಿತ್ತು ಅಂತ ಆಮೇಲೆ ಗೊತ್ತಾಯಿತು.

ಸಂಜೆ ನಲವತ್ತು ನಿಮಿಷ ಹಾರಿದೆವು. ಎಲ್ಲೂ ಇಳಿಯಲಿಲ್ಲ. ಒಂದೊಂದು ಎತ್ತರದಲ್ಲೂ 60 ನಾಟ್ (ಗಂಟೆಗೆ ಸುಮಾರು 110 ಕಿ.ಮೀ.) ವೇಗದಲ್ಲಿ ಮಟ್ಟಸವಾಗಿ ಹಾರಿ, ಎಷ್ಟು ಟಾರ್ಕ್ ಖರ್ಚಾಗುತ್ತಿದೆ, ಇನ್ನೂ ಎಷ್ಟು ಸಿಗುತ್ತದೆ ಅಂತ ನೋಡಿ ಹೇಳೋದು, ಅಷ್ಟೇ. ಆ ಹೆಲಿಕಾಪ್ಟರ್‌ಗೆ ಆ ಶಾಲೆಯ ಕಟ್ಟುನಿಟ್ಟು ಹೀಗಿತ್ತು: ಖರ್ಚು ಕಳೆದ ಮೇಲೆ ಟಾರ್ಕ್ ಮೀಟರ್‌ನಲ್ಲಿ ಕನಿಷ್ಠ 25 ಅಂಕ ಕೈಯಲ್ಲಿ ಉಳಿದಿರಬೇಕು, ಇಲ್ಲದಿದ್ದರೆ ಬೆಟ್ಟದ ತುದಿಯ ಜಾಗಕ್ಕೆ ಹೋಗುವಂತಿಲ್ಲ. ಬೇರೆ ಮಾಡೆಲ್‌ಗೆ ಬೇರೆ ಅಂಕಿ. ಆದರೆ ಹೋಗುವ ಮುಂಚೆ ಒಂದು ಅಂಕಿ ಇರಲೇಬೇಕು.

ಎರಡನೇ ದಿನ

ಕಣಿವೆ ಮತ್ತು ಏಣು. ಬೆಟ್ಟದ ಸಾಲಿನ ನೆತ್ತಿಯ ಚೂಪು ಗೆರೆಗೆ ನಾನು ಏಣು ಅನ್ನುತ್ತಿದ್ದೇನೆ.

‘ಗಾಳಿಯನ್ನು ಹೊಳೆ ಅಂದುಕೊಳ್ಳಿ’ ಅಂದರು ಮೇಡಂ. ಬಂಡೆಯ ಮೇಲೆ ಹರಿಯುವ ನೀರು ಎದುರು ಬದಿಯಲ್ಲಿ ನುಣ್ಣಗೆ ಏರುತ್ತೆ, ಹಿಂದುಗಡೆ ಧುಮುಕಿ ಸುಳಿ ಕಟ್ಟುತ್ತೆ. ಗಾಳಿಗೆ ಮುಖ ಕೊಟ್ಟ ಬದಿಯಲ್ಲಿ ಬೆಟ್ಟ ನಮ್ಮನ್ನು ಎತ್ತುತ್ತೆ, ಬೆನ್ನಿನ ಬದಿಯಲ್ಲಿ ಅದೇ ಬೆಟ್ಟ ಕೆಳಕ್ಕೆ ಒತ್ತುತ್ತೆ. ಎರಡರ ನಡುವೆ ಕಣ್ಣಿಗೆ ಕಾಣದ ಒಂದು ಗಡಿ ಇದೆ. ಗಾಳಿ ಜೋರಾದಷ್ಟೂ ಆ ಗಡಿ ಕಡಿದಾಗಿ ಏಳುತ್ತೆ.

ಇದನ್ನೆಲ್ಲ ನಾನು ಓದಿದ್ದೆ. ಓದಿದ್ದು ಮೈಗೆ ಇಳಿದದ್ದು ಅವತ್ತು ಬೆಳಿಗ್ಗೆ. ಮೇಡಂ ನನ್ನ ಕೈಗೆ ಕೊಟ್ಟು, ‘ಆ ಏಣನ್ನು ನಿಮಗೆ ಸರಿ ಅನ್ನಿಸಿದ ಹಾಗೆ ದಾಟಿ’ ಅಂದರು. ನಾನು ನೇರವಾಗಿ ಅಡ್ಡ ಹೋದೆ. ಗಾಳಿ ಆಚೆಯಿಂದ ಬರುತ್ತಿತ್ತು, ಅಂದರೆ ನಾವಿದ್ದದ್ದು ಬೆಟ್ಟದ ಬೆನ್ನಿನ ಕಡೆ. ಇನ್ನೂರು ಮೀಟರ್ ದೂರ ಇರುವಾಗ ಏಣು ನಿಧಾನವಾಗಿ ಗಾಜಿನಲ್ಲಿ ಮೇಲೇರತೊಡಗಿತು. ಬೆಟ್ಟ ಏರುತ್ತಿರಲಿಲ್ಲ, ನಾವು ಇಳಿಯುತ್ತಿದ್ದೆವು. ನನ್ನ ಎಡಗೈ ತಾನಾಗೇ ಕಲೆಕ್ಟಿವ್ ಎಳೆಯಿತು. ಓರೆಗಣ್ಣಿನಲ್ಲಿ ಮೇಡಂ ಕೈ ಕಾಣಿಸಿತು. ಅವರ ಬೆರಳುಗಳು ಹೆಲಿಕಾಪ್ಟರ್ ವಾಲಿಸುವ ಕೋಲಾದ ಸೈಕ್ಲಿಕ್‌ನಿಂದ ಒಂದು ಅಂಗುಲ ದೂರದಲ್ಲಿ ತೆರೆದುಕೊಂಡಿದ್ದವು, ಮುಟ್ಟಿರಲಿಲ್ಲ. ಹಳೆಯ ದಿನದ ಅದೇ ಭಯ ಹೊಟ್ಟೆಯಿಂದ ಎದ್ದಿತು. ‘ಈಗ ಎಲ್ಲಿಗೆ ಹೋಗ್ತೀರಿ?’ ಅಂತ ಮೆಲ್ಲಗೆ ಕೇಳಿದರು. ನಾನು ಪೂರ್ತಿ ಹಿಂದಕ್ಕೆ ತಿರುಗಬೇಕಾಯಿತು. ತಿರುಗುವಷ್ಟು ಜಾಗ ಇತ್ತು, ಯಾಕೆಂದರೆ ಆ ಜಾಗವನ್ನು ಅವರು ಮೊದಲೇ ಆರಿಸಿ ಇಟ್ಟಿದ್ದರು.

ಮುಂದಿನ ಸಲ 45 ಡಿಗ್ರಿ ಓರೆಯಾಗಿ, ಇನ್ನಷ್ಟು ಎತ್ತರದಲ್ಲಿ ಹೋದೆವು. ಅದೇ ಗಾಳಿ, ಅದೇ ಒತ್ತು. ಆದರೆ ಈ ಸಲ ಸ್ವಲ್ಪ ತಿರುಗಿಸಿದರೆ ಸಾಕು, ಮೂಗು ಕಣಿವೆ ಕಡೆ ಬಂತು. ಮೇಡಂ ಇದನ್ನು ‘ಬಾಗಿಲು’ ಅನ್ನುತ್ತಾರೆ. ಆರು ದಿನದಲ್ಲಿ ನನ್ನನ್ನು ನೂರು ಸಲವಾದರೂ ಕೇಳಿರಬೇಕು, ‘ಬಾಗಿಲು ಎಲ್ಲಿದೆ?’ ಅಂತ. ಉತ್ತರ ಹೇಳಲು ಎರಡು ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಬಾಗಿಲು ಇಲ್ಲ ಅಂತಲೇ ಅರ್ಥ.

ತಪ್ಪನ್ನು ಹುಟ್ಟಲು ಬಿಡಬೇಕು, ಬೆಳೆಯಲೂ ಬಿಡಬೇಕು, ಕೈ ಮೀರುವ ಮುಂಚೆ ತಡೆಯಬೇಕು. ಅದನ್ನು ಮಾಡಬಲ್ಲ ಇನ್‌ಸ್ಟ್ರಕ್ಟರ್ ಸಿಗುವುದು ಕಷ್ಟ. ಹೆಚ್ಚಿನವರು ತಪ್ಪು ಮೊಳೆಯುವಾಗಲೇ ಕೈ ಹಾಕಿಬಿಡುತ್ತಾರೆ. ಆಗ ಕಲಿಯುವವನಿಗೆ ತಪ್ಪು ಹೇಗಿರುತ್ತೆ ಅಂತಲೇ ಗೊತ್ತಾಗೋದಿಲ್ಲ.

ಕಣಿವೆಯಲ್ಲಿ ನಡುಮಧ್ಯೆ ಹಾರಬಾರದು. ಗಾಳಿ ಎತ್ತುವ ಪಕ್ಕಕ್ಕೆ ಒತ್ತಿಕೊಂಡು ಹಾರಿದರೆ ತಿರುಗಲು ಇಡೀ ಅಗಲ ಸಿಗುತ್ತೆ. ನಡುವೆ ಹೋದರೆ ಅರ್ಧ ಮಾತ್ರ. ಇನ್ನೊಂದು, ನಿಜವಾದ ದಿಗಂತ ಅಲ್ಲಿ ಕಾಣೋದಿಲ್ಲ. ಕಣಿವೆಯ ನೆಲ ಮುಂದೆ ಮುಂದೆ ಏರುತ್ತಿದ್ದರೆ ಕಣ್ಣು ಅದನ್ನೇ ಸಮತಟ್ಟು ಅಂದುಕೊಳ್ಳುತ್ತೆ, ಕೈ ಮೂಗನ್ನು ಎತ್ತುತ್ತೆ, ವೇಗ ಸದ್ದಿಲ್ಲದೆ ಸೋರಿಹೋಗುತ್ತೆ. ಹಿಂದೆ ಕೂತಿದ್ದಾಗ ಇದನ್ನು ಸ್ಪಷ್ಟವಾಗಿ ನೋಡಿದೆ. ಹುಡುಗನ ವೇಗ 70ರಿಂದ 48ಕ್ಕೆ ಬಂದಿತ್ತು, ಅವನಿಗೆ ಗೊತ್ತೇ ಇರಲಿಲ್ಲ. ನಾನು ಹಾರಿಸುವಾಗಲೂ ಹೀಗೇ ಆಗಿತ್ತಂತೆ. ಅವನ ನೋಟ್‌ಬುಕ್‌ನಲ್ಲಿ ಅದು ಬರೆದಿತ್ತು.

ಮೂರನೇ ದಿನ

ಬೆಳಿಗ್ಗೆ ಬೇಗ ಎದ್ದು 9,600 ಅಡಿಯ ಜಾಗಕ್ಕೆ ಹೋದೆವು. ಬಂಡೆಯ ಒಂದು ತುದಿ, ಅದರ ಮೇಲೆ ಎರಡು ಕೋಣೆಯಷ್ಟು ಅಗಲದ ಒರಟು ಜಾಗ, ಅಂಚಿನಲ್ಲಿ ಒಣಹುಲ್ಲು. ಮೂರು ಕಡೆ ಪ್ರಪಾತ.

ಮೊದಲ ಒಂದು ಗಂಟೆ ಅದರ ಸುತ್ತ ಸುತ್ತಿದೆವು, ಅಷ್ಟೇ. ಜಾಗದ ಅಳತೆ, ಆಕಾರ, ಇಳಿಜಾರು, ನೆಲ ಗಟ್ಟಿಯೋ ಸಡಿಲವೋ, ಸುತ್ತ ಏನಿದೆ, ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಆಮೇಲೆ ಗಾಳಿ. ಗಾಜಿನ ಹೊರಗೆ ನಡುವೆ ಗೇಣುದ್ದದ ಕೆಂಪು ಉಣ್ಣೆ ದಾರ ಅಂಟಿಸಿದ್ದರು. ಅದು ಗಾಳಿ ಬರುವ ದಿಕ್ಕನ್ನು ಹೇಳುವುದಿಲ್ಲ. ಹೆಲಿಕಾಪ್ಟರ್ ಗಾಳಿಯಲ್ಲಿ ನೆಟ್ಟಗೆ ಹೋಗುತ್ತಿದೆಯೋ ಓರೆಯಾಗಿ ಜಾರುತ್ತಿದೆಯೋ ಅಂತ ಮಾತ್ರ ಹೇಳುತ್ತೆ. ದಾರ ನೆಟ್ಟಗೆ ಇಟ್ಟುಕೊಂಡು ಜಾಗದ ಪಕ್ಕ ನಿಧಾನವಾಗಿ ಹಾದುಹೋದರೆ, ನೆಲದ ಮೇಲೆ ನಾವು ಯಾವ ಕಡೆ ಸರಿಯುತ್ತಿದ್ದೇವೆ ಅಂತ ಕಾಣುತ್ತೆ. ಗಾಳಿಯ ಗುಟ್ಟು ಅಲ್ಲಿ ಸಿಗುತ್ತೆ. ಕೆಳಗೆ ಕೆರೆ ಇದ್ದರೆ ಇನ್ನೂ ಸುಲಭ: ಗಾಳಿ ಬರುವ ದಡದ ಹತ್ತಿರ ನೀರು ಕನ್ನಡಿಯಂತೆ ಇರುತ್ತೆ, ಆಚೆ ದಡದಲ್ಲಿ ಅಲೆ ಎದ್ದಿರುತ್ತೆ.

ಪವರ್ ನೋಡಿದೆ. ಖರ್ಚು 57, ಸಿಗೋದು 88. ಕೈಯಲ್ಲಿ 31.

ಇಳಿಯುವ ದಾರಿಯಲ್ಲಿ ಹೊಸದಾಗಿ ಕಲಿತದ್ದು ಕಣ್ಣಿನ ಕೆಲಸ. ಇಳಿಯಬೇಕಾದ ಬಂಡೆಯ ಅಂಚನ್ನೂ, ಅದರ ಹಿಂದೆ ದೂರದಲ್ಲಿ ಕಾಣುವ ಬೆಟ್ಟವನ್ನೂ ಒಟ್ಟಿಗೆ ನೋಡಬೇಕು. ಹಿಂದಿನ ಬೆಟ್ಟ ಹೆಚ್ಚು ಹೆಚ್ಚು ಕಾಣಿಸತೊಡಗಿದರೆ ನಾವು ಮೇಲಾಗುತ್ತಿದ್ದೇವೆ. ಅಂಚಿನ ಹಿಂದೆ ಅದು ಮುಚ್ಚಿಹೋಗುತ್ತಿದ್ದರೆ ಕೆಳಗಾಗುತ್ತಿದ್ದೇವೆ. ಕೆಳಗಾಗೋದು ಅಪಾಯ, ಯಾಕೆಂದರೆ ಬಂಡೆಯ ಮುಖಕ್ಕೆ ನೇರ ಹೋಗುತ್ತೇವೆ. ವೇಗವನ್ನೂ ನೆಲ ನೋಡಿ ಅಂದಾಜು ಮಾಡುವಂತಿಲ್ಲ. ತೆಳು ಗಾಳಿಯಲ್ಲಿ ಮೀಟರ್ 60 ತೋರಿಸುವಾಗ ನಿಜವಾಗಿ 70ರ ಆಸುಪಾಸಿನಲ್ಲಿ ಓಡುತ್ತಿರುತ್ತೇವೆ. ಅಭ್ಯಾಸದ ಕಣ್ಣು ‘ಜೋರಾಯ್ತು’ ಅಂತ ನಿಧಾನ ಮಾಡಿಸಿಬಿಡುತ್ತೆ, ಬೇಕಾದ ಲಿಫ್ಟ್ (ಎತ್ತುವ ಬಲ) ಬೇಗನೆ ಕಳೆದುಹೋಗುತ್ತೆ.

ಮೊದಲ ನಾಲ್ಕು ಪ್ರಯತ್ನ ಬಿಟ್ಟು ತಿರುಗಿದೆ. ಎರಡು ಸಲ ನಾನೇ, ಎರಡು ಸಲ ಮೇಡಂ ಹೇಳಿ. ಐದನೆಯದರಲ್ಲಿ ಅಂಚು ಕಾಲಡಿಗೆ ಬಂತು. ಸಮತಟ್ಟು ನೆಲದ ಮೇಲೆ ರೋಟರ್‌ನ ಗಾಳಿ ಕೆಳಗೆ ಮೆತ್ತೆಯ ಹಾಗೆ ಕೂತು ಆಸರೆ ಕೊಡುತ್ತೆ. ಇಲ್ಲಿ ಆ ಗಾಳಿ ಅಂಚಿನಿಂದ ಸೋರಿಹೋಗುತ್ತಿತ್ತು, ಮೆತ್ತೆ ಇರಲಿಲ್ಲ. ಅದಕ್ಕೇ ಮೇಡಂ ಈ ಮೆತ್ತೆ, ಅಂದರೆ ಗ್ರೌಂಡ್ ಎಫೆಕ್ಟ್, ಇಲ್ಲದ ಹೋವರ್‌ನ (ಗಾಳಿಯಲ್ಲಿ ನಿಂತಲ್ಲೇ ನಿಲ್ಲೋದರ) ಅಂಕಿಯನ್ನೇ ಹಿಡಿಯಬೇಕು ಅಂತ ಮೊದಲ ದಿನ ಪಟ್ಟು ಹಿಡಿದಿದ್ದರು. ಹೆಲಿಕಾಪ್ಟರ್ ನಿಲ್ಲುವ ಕಂಬಿ, ಅಂದರೆ ಸ್ಕಿಡ್, ಮುಟ್ಟಿತು. ಕಲೆಕ್ಟಿವ್ ಪೂರ್ತಿ ಬಿಡಲಿಲ್ಲ. ಸ್ವಲ್ಪ ಸ್ವಲ್ಪ ಭಾರ ಕೊಟ್ಟು, ಕಲ್ಲು ಅಲುಗುತ್ತದಾ ಅಂತ ಪರೀಕ್ಷೆ ಮಾಡಿ, ಆಮೇಲೆ ಇಳಿಸಿದೆ. ರೋಟರ್ ಸದ್ದಿನ ನಡುವೆಯೂ ನನ್ನ ಉಸಿರು ನನಗೇ ಕೇಳಿಸಿತು.

ಸಂಜೆ ಹಾರಿದ್ದಕ್ಕಿಂತ ಜಾಸ್ತಿ ಹೊತ್ತು ಡಿಬ್ರೀಫಿಂಗ್ ನಡೆಯಿತು. ಇಳಿದ ಐದನೇ ಸಲದ ಬಗ್ಗೆ ಮೇಡಂ ಎರಡೇ ಮಾತು ಹೇಳಿದರು. ಬಿಟ್ಟು ಬಂದ ನಾಲ್ಕರ ಬಗ್ಗೆ ಮುಕ್ಕಾಲು ಗಂಟೆ. ಯಾವ ಕ್ಷಣದಲ್ಲಿ ತೀರ್ಮಾನ ಆಯಿತು, ಏನು ನೋಡಿ, ಇನ್ನೂ ಎಷ್ಟು ಮುಂಚೆ ಆಗಬಹುದಿತ್ತು. ಅವರ ಪುಸ್ತಕದಲ್ಲಿ ಪ್ರತಿ ವಿದ್ಯಾರ್ಥಿಯ ಹೆಸರಿನ ಮುಂದೆ ಇಳಿದ ಲೆಕ್ಕದ ಪಕ್ಕದಲ್ಲೇ ಇಳಿಯದೆ ಬಂದ ಲೆಕ್ಕವೂ ಇದೆ.

ನಾಲ್ಕನೇ ದಿನ

ಹಾರಲಿಲ್ಲ. ಶಿಖರದ ಮೇಲೆ ಮಸೂರದ ಆಕಾರದ ಮೋಡ ಅಲುಗದೆ ನಿಂತಿತ್ತು. ಮೋಡ ನಿಂತಿದೆ ಅಂದರೆ ಗಾಳಿ ನಿಂತಿದೆ ಅಂತಲ್ಲ. ಜೋರು ಗಾಳಿ ಅಲೆಯಾಗಿ ಅದರೊಳಗಿಂದ ಹಾದುಹೋಗುತ್ತಿರುತ್ತೆ.

ಮೇಡಂ ಒಂದು ವೀಡಿಯೊ ತೋರಿಸಿದರು. 2002ರ ಮೇ 30, ಅಮೆರಿಕದ ಒರೆಗಾನ್ ರಾಜ್ಯದ ಮೌಂಟ್ ಹುಡ್. ಗಾಯಗೊಂಡ ಆರೋಹಿಗಳನ್ನು ಎತ್ತಲು ಬಂದ ವಾಯುಪಡೆಯ ಪೇವ್ ಹಾಕ್ ಹೆಲಿಕಾಪ್ಟರ್ ಇಳಿಜಾರಿನ ಮೇಲೆ ಹೋವರ್ ಮಾಡುತ್ತಿದೆ. ಒಮ್ಮೆಲೇ ಕೆಳಗೆ ಜಾರುತ್ತೆ, ಮೂಗು ಹಿಮಕ್ಕೆ ತಾಗುತ್ತೆ, ಉರುಳುತ್ತಾ ಹೋಗುತ್ತೆ. ಒಳಗಿದ್ದವರೆಲ್ಲ ಬದುಕಿದರು, ಅದೇ ದೊಡ್ಡದು. ಅವರೇನು ಕಲಿಯದವರಲ್ಲ, ಸೇನೆಯ ನುರಿತ ತಂಡ. ಆ ಎತ್ತರದಲ್ಲಿ ಬೇಕಾದ ಶಕ್ತಿ ಇರುವ ಶಕ್ತಿಯನ್ನು ಮೀರಿತು. ಮೇಡಂ ವೀಡಿಯೊವನ್ನು ಒಂದೊಂದು ಸೆಕೆಂಡ್ ನಿಲ್ಲಿಸಿ ನಿಲ್ಲಿಸಿ ತೋರಿಸಿದರು. ‘ಬಾಗಿಲು ಎಲ್ಲಿತ್ತು?’ ಹುಡುಗ ಬೆರಳಿಟ್ಟು ತೋರಿಸಿದ. ಅವನ ದನಿ ಗಟ್ಟಿಯಾಗಿರಲಿಲ್ಲ.

ಮಾತು ದಾಖಲೆಗಳ ಕಡೆ ಹೋಯಿತು. 1972ರಲ್ಲಿ ಝಾನ್ ಬೂಲೆ ಅನ್ನುವ ಫ್ರೆಂಚ್ ಪೈಲಟ್ ಲಾಮಾ ಹೆಲಿಕಾಪ್ಟರ್‌ನಲ್ಲಿ 12,442 ಮೀಟರ್ ಏರಿದರು. ಮೇಲೆ ಎಂಜಿನ್ ಆರಿಹೋಯಿತು, ಅಲ್ಲಿಂದ ನೆಲದವರೆಗೂ ಆಟೊರೊಟೇಶನ್‌ನಲ್ಲೇ, ಅಂದರೆ ಎಂಜಿನ್ ಇಲ್ಲದೆ ಗಾಳಿಯೇ ರೋಟರ್ ತಿರುಗಿಸುವಂತೆ, ಬಂದಿಳಿದರು. 2005ರ ಮೇ 14ರಂದು ಡಿಡಿಯೆ ಡೆಲ್ಸಾಲ್ ಎವರೆಸ್ಟ್ ತುದಿಗೇ ಹೆಲಿಕಾಪ್ಟರ್ ಇಳಿಸಿದರು. ಹುಡುಗನ ಕಣ್ಣು ಅರಳಿತು. ಮೇಡಂ ತಡೆದರು. ಡೆಲ್ಸಾಲ್ ಟೆಸ್ಟ್ ಪೈಲಟ್, ಹೆಲಿಕಾಪ್ಟರ್‌ನ ತೂಕ ಇಳಿಸಿಕೊಂಡು, ಆ ಬೆಟ್ಟದ ಗಾಳಿ ಎಲ್ಲಿ ಎತ್ತುತ್ತೆ ಎಲ್ಲಿ ಒತ್ತುತ್ತೆ ಅಂತ ಮೊದಲು ತಿಳಿದುಕೊಂಡು ಹೋದವರು ಅಂತ ನೆನಪಿಸಿದರು.

ನನಗೆ ಬೇರೆ ಒಂದು ವಿಷಯ ಕಾಡುತ್ತಿತ್ತು. ಈ ತರಬೇತಿಗೆ ಎಲ್ಲ ಕಡೆ ಒಂದೇ ಅಳತೆಗೋಲು ಇಲ್ಲ. ಯುರೋಪಿನ ಒಕ್ಕೂಟದ ನಿಯಮದಲ್ಲಿ ‘ಮೌಂಟನ್ ರೇಟಿಂಗ್’ ಅಂತ ಇರೋದು ವಿಮಾನಗಳಿಗೆ, ಹೆಲಿಕಾಪ್ಟರ್‌ಗಲ್ಲ. ಆದರೆ ಸ್ವಿಟ್ಜರ್ಲೆಂಡ್ ಹೆಲಿಕಾಪ್ಟರ್ ಪೈಲಟ್‌ಗಳಿಗೂ ತನ್ನದೇ ಬೆಟ್ಟದ ಅರ್ಹತೆ ಇಟ್ಟುಕೊಂಡಿದೆ. ಅಮೆರಿಕದ ಕೊಲರಾಡೊದ ಜಿಪ್ಸಂನಲ್ಲಿ ಸೇನಾ ಪೈಲಟ್‌ಗಳಿಗಾಗಿಯೇ ಎತ್ತರದ ಹಾರಾಟದ ಶಾಲೆ ಇದೆ, ಪವರ್ ಲೆಕ್ಕವೇ ಅದರ ಬೆನ್ನೆಲುಬು. ಇಂಥ ಕಡೆ ಬಿಟ್ಟರೆ, ಎರಡು ದಿನದ ಸಹಿಗೂ ಆರು ದಿನದ ಸಹಿಗೂ ಲಾಗ್‌ಬುಕ್‌ನಲ್ಲಿ ವ್ಯತ್ಯಾಸವೇ ಕಾಣೋದಿಲ್ಲ. ಕೆಲಸ ಕೊಡುವವರೂ ಆ ಒಂದು ಸಾಲನ್ನು ನೋಡಿ ತೃಪ್ತರಾಗುತ್ತಾರೆ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತೆ. ಹಿಂದೆ ಕೂರುವ ಪ್ರಯಾಣಿಕರಿಗೆ ಆ ವ್ಯತ್ಯಾಸ ತಿಳಿಯುವ ದಾರಿಯೇ ಇಲ್ಲ, ಅಲ್ವಾ?

ಐದನೇ ದಿನ

ಗಾಳಿ ಇಳಿಯಿತು. ಬೆಳಿಗ್ಗೆ ನೆಲದಿಂದ 3,000 ಅಡಿ ಮೇಲೆ ಹೋಗಿ ವೋರ್ಟೆಕ್ಸ್ ರಿಂಗ್ ಅಭ್ಯಾಸ ಮಾಡಿದೆವು. ನಿಧಾನ ವೇಗದಲ್ಲಿ, ಪವರ್ ಹಾಕಿಕೊಂಡು, ಕಡಿದಾಗಿ ಇಳಿಯುವಾಗ ರೋಟರ್ ತಾನು ತಳ್ಳಿದ ಗಾಳಿಯೊಳಗೇ ಬೀಳುತ್ತೆ. ಆಗ ಎಳೆದಷ್ಟೂ ಕುಸಿತ ಜಾಸ್ತಿ. ಹಳೆಯ ಪದ್ಧತಿಯಲ್ಲಿ ಕಲೆಕ್ಟಿವ್ ಇಳಿಸಿ ಮೂಗು ತಗ್ಗಿಸಿ ಹೊರಬರಬೇಕು, ಅದಕ್ಕೆ ಎತ್ತರ ಬೇಕು. ಸ್ವಿಸ್ ಪೈಲಟ್ ಕ್ಲೋಡ್ ವುಯಿಶಾರ್ ಹೆಸರಿನ ಪದ್ಧತಿಯಲ್ಲಿ ಪವರ್ ಏರಿಸಿ, ಪೆಡಲ್‌ನಿಂದ ಮೂಗು ನೆಟ್ಟಗೆ ಹಿಡಿದು, ಟೇಲ್ ರೋಟರ್ ತಳ್ಳುವ ಕಡೆಗೇ ವಾಲಿಸಿ ಪಕ್ಕಕ್ಕೆ ಜಾರಿ ಹೊರಬರುತ್ತೇವೆ. ಎತ್ತರ ತುಂಬಾ ಕಮ್ಮಿ ಕಳೆಯುತ್ತೆ. ಎರಡನ್ನೂ ಆರಾರು ಸಲ ಮಾಡಿದೆವು.

ಮಧ್ಯಾಹ್ನ ಮರಗಳ ನಡುವಿನ ಇಕ್ಕಟ್ಟು ಜಾಗಗಳು, ಐದು ಬೇರೆ ಬೇರೆ. ಇದರ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಹುಡುಗ ನನಗಿಂತ ಚೆನ್ನಾಗಿ ಮಾಡಿದ.

ಆರನೇ ದಿನ

ಕೊನೆಯ ಪರೀಕ್ಷೆ ಮಧ್ಯಾಹ್ನ ಎರಡಕ್ಕೆ ಇಟ್ಟರು. ಹುಡುಗನದು ಬೆಳಿಗ್ಗೆಯೇ ಮುಗಿದಿತ್ತು. ಮೇಡಂ ನಕ್ಷೆಯ ಮೇಲೆ ಬೆರಳಿಟ್ಟದ್ದು 9,600 ಅಡಿಯ ಅದೇ ಬಂಡೆಯ ಮೇಲೆ. ಹಿಂದಿನ ಸೀಟಿನಲ್ಲಿ ಹುಡುಗನ ಜೊತೆ ಎರಡು ಚೀಲ ಮರಳನ್ನೂ ಹೇರಿಸಿದ್ದರು.

ಮೇಲೆ ಹೋದಾಗ ಥರ್ಮಾಮೀಟರ್ 17 ಅಂದಿತು. ಮೊದಲ ದಿನದ ಪೆನ್ಸಿಲ್ ಲೆಕ್ಕ ಕಣ್ಣ ಮುಂದೆ ಬಂತು. ಪವರ್ ನೋಡಿದೆ. ಖರ್ಚು 62, ಸಿಗೋದು 83. ಕೈಯಲ್ಲಿ 21.

ಆ ಜಾಗ ನನಗೆ ಪರಿಚಯ. ಅಲ್ಲಿ ಇಳಿದಿದ್ದೇನೆ. ಪಕ್ಕದಲ್ಲಿ ಕೂತವರು ನನ್ನನ್ನು ಪಾಸು ಮಾಡಬೇಕು. ಇನ್ನೊಂದು ಸುತ್ತು ಹಾಕಿದೆ. ಅಂಚಿನ ಒಣಹುಲ್ಲು ಮೊನ್ನೆ ನಮ್ಮ ಕಡೆ ಬಾಗಿತ್ತು. ಇವತ್ತು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಹೊಯ್ದಾಡುತ್ತಿತ್ತು.

‘ಇವತ್ತು ಇಳಿಯೋದಿಲ್ಲ ಮೇಡಂ’ ಅಂದೆ.

ಅವರು ಏನೂ ಹೇಳಲಿಲ್ಲ. ನಾನು ಕಣಿವೆ ಕಡೆ ತಿರುಗಿಸಿದೆ. ಕೆಳಗೆ ಬರುವವರೆಗೂ ಮಾತಿಲ್ಲ. ರೋಟರ್ ನಿಂತ ಮೇಲೆ ಪುಸ್ತಕ ತೆಗೆದು ಕೇಳಿದರು, ‘ಯಾವಾಗ ತೀರ್ಮಾನ ಮಾಡಿದಿರಿ?’

‘ಹುಲ್ಲು ನೋಡಿದಾಗ.’

‘21 ನೋಡಿದಾಗ ಯಾಕಲ್ಲ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಒಂದು ಸುತ್ತು ನಾನು ಹಾಕಬೇಕಾಗಿರಲಿಲ್ಲ. ಅವರು ಅದನ್ನೂ ಬರೆದುಕೊಂಡರು, ಸಹಿಯನ್ನೂ ಹಾಕಿದರು. ‘ನಾಳೆ ಬೆಳಿಗ್ಗೆ ಹೊರಡುವ ಮುಂಚೆ ಒಂದು ಗಂಟೆ ಇದೆಯಲ್ಲ?’ ಅಂತ ಕೇಳಿದರು.

ಇತ್ತು. ಸೂರ್ಯ ಹುಟ್ಟಿದ ಕೂಡಲೇ ಹೋದೆವು. 3 ಡಿಗ್ರಿ, ಹುಲ್ಲು ಒಂದೇ ಕಡೆ ಬಾಗಿತ್ತು, ಕೈಯಲ್ಲಿ 30. ಮೊದಲ ಸಲಕ್ಕೇ ಸ್ಕಿಡ್ ಬಂಡೆ ಮುಟ್ಟಿತು. ಎರಡು ನಿಮಿಷ ಅಲ್ಲೇ ಕೂತಿದ್ದೆವು. ಮೇಡಂ ಗಡಿಯಾರ ನೋಡಿ, ‘ಬಿಸಿಲು ಏರ್ತಿದೆ, ಎದ್ದೇಳುವ ಮುಂಚೆ ಇನ್ನೊಮ್ಮೆ ಪವರ್ ನೋಡಿ’ ಅಂದರು.